ನಡುಮನೆಯಲ್ಲಿ ಘೀಳಿಟ್ಟ ಆನೆ

ಇವತ್ತು ಬೀರು ಒರೆಸುವಾಗ ಹಳೆಯ ಸಿ.ಡಿ.ಯೊಂದು ಸಿಕ್ಕಿತು. ಅದರ ಬೆನ್ನಿನ ಕಾಮನಬಿಲ್ಲು ಕಂಡದ್ದೇ ತಡ, ಗುಂಡ್ಲುಪೇಟೆಯ ನಮ್ಮ ನಡುಮನೆಗೆ ಹೋಗಿಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಪ್ಪ ಮೈಸೂರಿನಿಂದ ಮಲ್ಟಿಮೀಡಿಯಾ ಕಂಪ್ಯೂಟರ್ ತಂದಿದ್ದರು. ಪ್ರಾಣಿಗಳ ಸಿ.ಡಿ. ಹಾಕಿದರೆ ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಆನೆ ತಡೆತಡೆದು ನಡೆಯುತ್ತಿತ್ತು. ಸ್ಪೀಕರಿನಿಂದ ಬರುವ ಘೀಳು ಮಾತ್ರ ಮನೆ ನಡುಗಿಸುತ್ತಿತ್ತು.

ತಾತನಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಬಂಡೀಪುರದಂಚಿನ ಹೊಲದಲ್ಲಿ ಆನೆಗಳಿಂದ ಬೆಳೆ ಕಾದು ಬದುಕಿದವರು. ಮೊದಲ ಸಲ ಘೀಳು ಕೇಳಿದೊಡನೆ ತಡವರಿಸುತ್ತ ಬಂದು, ನನ್ನನ್ನು ತಬ್ಬಿ ಗೋಡೆಗೆ ಒತ್ತಿ ನಿಂತರು.

"ಅಲ್ಲಾಡ್ಬೇಡ ಕಣಮ್ಮಿ, ಉಸ್ರು ಬುಡ್ಬೇಡ!"

ಅಪ್ಪ ನಕ್ಕರು. "ಆನೆ ಇಲ್ಲ ಕಣಪ್ಪ, ಕಂಪ್ಯೂಟರ್ ಸದ್ದು ಅಷ್ಟೆ" ಎಂದು ತಾತನ ಕೈಯನ್ನು ಸ್ಪೀಕರಿನ ಮೇಲಿಟ್ಟು ಮತ್ತೊಮ್ಮೆ ಹಾಕಿದರು. ತಾತ ಬೆಚ್ಚಿ ಕೈ ಎಳೆದುಕೊಂಡರು.

"ಕಣ್ಣಿಲ್ದೋನ್ಗೆ ಇದ್ದಿದ್ದು ಕಿವಿ ಒಂದೇ ಕಣ್ಲಾ. ಅದ್ಕೂ ಮೋಸ ಮಾಡ್ಬುಟ್ಯಲ್ಲ."

ಅಂದಿನಿಂದ ತಾತ ಯಾವ ದನಿಯನ್ನೂ ಸುಮ್ಮನೆ ನಂಬಲಿಲ್ಲ. ನಾನು ಊಟಕ್ಕೆ ಕರೆದರೂ "ಅತ್ರ ಬಾಮ್ಮಿ, ಕೈ ಕೊಡು" ಎನ್ನುತ್ತಿದ್ದರು. ಬೆರಳು ಸವರಿ, ನಾನೇ ಎಂದು ಖಾತ್ರಿಯಾದ ಮೇಲೆಯೇ ಏಳುತ್ತಿದ್ದರು. ಅಪ್ಪ ಸ್ಪೀಕರಿನ ವೈರು ಕಿತ್ತಿಟ್ಟರೂ ಆ ಅಭ್ಯಾಸ ಬದಲಾಗಲಿಲ್ಲ.

ಈಗ ಚಿತ್ರ, ದನಿ ಎಲ್ಲವೂ ಸೀದಾ ಫೋನಿಗೇ ಬರುತ್ತವೆ. ಮೊನ್ನೆ ಗೊತ್ತಿಲ್ಲದ ನಂಬರಿನಿಂದ ಮಗಳ ದನಿಯಲ್ಲೇ "ಅಮ್ಮಾ" ಎಂದು ಯಾರೋ ಅತ್ತರು. ಫೋನ್ ಇಟ್ಟು ಅವಳಿಗೇ ಮಾಡಿದೆ, ಎತ್ತಲಿಲ್ಲ. ಉಟ್ಟ ಸೀರೆಯಲ್ಲೇ ಅವಳು ಓದುವ ಚಾಮರಾಜನಗರದ ಬಸ್ಸು ಹತ್ತಿದೆ. ಮಗಳು ಹಾಸ್ಟೆಲಿನ ಬಾಗಿಲಲ್ಲಿ ಒದ್ದೆ ತಲೆ ಒರೆಸಿಕೊಳ್ಳುತ್ತ, "ಇದೇನಮ್ಮ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಫೋನ್ ಸೈಲೆಂಟಲ್ಲಿತ್ತು, ನೋಡೇ ಇಲ್ಲ" ಎಂದಳು. ನಾನು ಅವಳ ಕೈ ಹಿಡಿದು ಬೆರಳು ಸವರಿದೆ.