ಫ್ರೇಮು ಉದುರುವ ಮನೆ

ಒಬ್ಬರು ವಿಡಿಯೋ ಗೇಮ್ ಆಡುವುದನ್ನು ಇನ್ನೊಬ್ಬರು ಕೆಲಸ ಬಿಟ್ಟು ಕೂತು ನೋಡುತ್ತಾರೆ ಎಂಬ ಸಂಗತಿ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅದೂ ನನ್ನ ಮಗಳು ಮಾನಸಿಯ ದೆಸೆಯಿಂದ. ದಿನಾ ಸಂಜೆ ಆರಕ್ಕೆ ಅವಳು ಗೋರೆಗಾಂವ್‌ನ ನಮ್ಮ ಫ್ಲ್ಯಾಟಿನ ಒಳಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು, ಕಂಪ್ಯೂಟರಿನಲ್ಲಿ ಓಡುತ್ತ, ಅಡಗುತ್ತ, ಗುಂಡು ಹಾರಿಸುತ್ತ, ಅದನ್ನೆಲ್ಲ ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡುತ್ತಾಳೆ. ಮುನ್ನೂರು ಜನ ನೋಡುತ್ತಾರೆ. ಅವರೊಂದಿಗೆ ಎರಡು ಗಂಟೆ ಹರಟುತ್ತಾಳೆ. ನನ್ನ ಜೊತೆಗಿನ ಮಾತು ಮಾತ್ರ "ಅಪ್ಪಾ, ಚಹಾ?" ಎಂಬಲ್ಲಿ ಶುರುವಾಗಿ "ಓಕೆ" ಎಂಬಲ್ಲಿ ಮುಗಿಯುತ್ತದೆ. ಇದನ್ನು ನೀವು ಹೊಟ್ಟೆಕಿಚ್ಚು ಎಂದುಕೊಂಡರೂ ಅಡ್ಡಿಯಿಲ್ಲ.

ಇಂಥ ಮಗಳು ಒಂದು ಸಂಜೆ ತಾನಾಗಿಯೇ ಬಾಗಿಲು ತೆರೆದು ಹಾಲಿಗೆ ಬಂದಳು. "ಅಪ್ಪಾ, ನೀವು ಫ್ಯಾಕ್ಟರಿಯಲ್ಲಿ ಪ್ರಾಬ್ಲೆಮ್ ಢೂಂಢ್‌ತೇ ಥೇ ನಾ? ನನ್ನದು ಫ್ರೇಮ್ಸ್ ಡ್ರಾಪ್ ಆಗ್ತಾ ಇದೆ. ಜರಾ ನೋಡ್ತೀರಾ?" ಎಂದಳು. ನಾನು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಪಾಟಿನ ಬೀಗಗಳನ್ನು ತಪಾಸಣೆ ಮಾಡಿ ದೋಷ ಹುಡುಕಿದವನು. ಬೀಗಕ್ಕೂ ಫ್ರೇಮಿಗೂ ಅಜಗಜಾಂತರ. ಆದರೆ ಕೇಳಿದಳಲ್ಲ! ಕನ್ನಡಕ ಒರೆಸಿಕೊಂಡು, ಹಳೆಯ ಡೈರಿಯೊಂದನ್ನು ಹುಡುಕಿ, ಪೆನ್ನು ಕಿಸೆಗೆ ಸಿಕ್ಕಿಸಿಕೊಂಡು ಎದ್ದೇ ಬಿಟ್ಟೆ. ಹೆಂಡತಿ ಸುಮತಿ ಅಡುಗೆಮನೆಯಿಂದಲೇ, "ಸಿಕ್ತು ನೋಡ್ರಿ ಡ್ಯೂಟಿ," ಎಂದಳು.

ಫ್ರೇಮು ಉದುರುವುದೆಂದರೆ ಏನೆಂದು ಮಗಳು ನನಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ವಿಡಿಯೋ ಎಂದರೆ ಸಾಲಾಗಿ ಓಡುವ ಚಿತ್ರಗಳು. ಒಂದು ಸೆಕೆಂಡಿಗೆ ಅರವತ್ತು ಚಿತ್ರ ಅವಳ ಕಂಪ್ಯೂಟರಿನಿಂದ ಹೊರಡಬೇಕು. ದಾರಿ ಇಕ್ಕಟ್ಟಾದರೆ ಕಂಪ್ಯೂಟರು ಕೆಲವು ಚಿತ್ರಗಳನ್ನು ದಾರಿಯಲ್ಲೇ ಕೈಬಿಟ್ಟು ಮುಂದಿನದನ್ನು ಕಳಿಸುತ್ತದೆ. ಅಂಧೇರಿಯಲ್ಲಿ ಲೋಕಲ್ ರೈಲು ಹತ್ತಲಾಗದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದವರ ಹಾಗೆ ಅವು. ಹೀಗೆ ಎಷ್ಟು ಚಿತ್ರ ಉದುರಿದವು ಎಂಬ ಲೆಕ್ಕ ಪರದೆಯ ಕೆಳಮೂಲೆಯಲ್ಲಿ ಬರುತ್ತಿರುತ್ತದೆ. ಪಕ್ಕದ ಪುಟ್ಟ ಚೌಕ ಹಸಿರಾಗಿದ್ದರೆ ಎಲ್ಲ ಸರಿ. ಅದು ಕೆಂಪಾದರೆ ನೋಡುವವರಿಗೆ ಮಾನಸಿ ಓಡುತ್ತಿದ್ದವಳು ಕಲ್ಲಾಗಿ ನಿಲ್ಲುತ್ತಾಳೆ, ಮರುಕ್ಷಣ ಇನ್ನೆಲ್ಲೋ ಸತ್ತುಬಿದ್ದಿರುತ್ತಾಳೆ.

ಇದು ಬರೀ ಆಟದ ಮಾತಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಡಿಗ್ರಿ ಮುಗಿಸಿದ ಮಗಳು ನೌಕರಿಗೆ ಸೇರುವ ಮೊದಲು ಆಟಕ್ಕೆಂದು ನಮ್ಮಿಂದ ಆರು ತಿಂಗಳು ಕೇಳಿಕೊಂಡಿದ್ದಳು. ಆಟವನ್ನೇ ವೃತ್ತಿ ಮಾಡಿಕೊಂಡವರ ಒಂದು ತಂಡ ಹೊಸಬರನ್ನು ಸೇರಿಸಿಕೊಳ್ಳುವುದಿತ್ತು. ಒಂದು ಭಾನುವಾರ ನಾಲ್ಕು ಗಂಟೆಗೆ ಅವರು ಇವಳ ಪ್ರಸಾರವನ್ನು ಕೂತು ನೋಡುತ್ತಾರೆ, ಹಿಡಿಸಿದರೆ ಕರೆದುಕೊಳ್ಳುತ್ತಾರೆ. ಇಲ್ಲವಾದರೆ ಸೋಮವಾರ ಅವಳು ಕೆಲಸ ಕೊಡಲು ಒಪ್ಪಿದ್ದ ವಿಕ್ರೋಳಿಯ ಒಂದು ಆಫೀಸಿಗೆ "ಬರುತ್ತೇನೆ" ಎಂದು ಉತ್ತರ ಬರೆಯಬೇಕು. ಆಫೀಸು ಕೆಟ್ಟದ್ದೆಂದು ನಾನು ಹೇಳಲಾರೆ, ಅದೇ ಊರಿನ ಅನ್ನ ಉಂಡವನು. ಆದರೆ ಅವಳ ಮುಖದಲ್ಲಿ ಆ ಭಾನುವಾರದ ಆಸೆ ಎಷ್ಟಿತ್ತೆಂದರೆ, ಅದು ನಡೆಯದೆ ಹೋಗುವುದನ್ನು ಯೋಚಿಸಲೂ ನನಗೆ ಸಂಕಟವಾಗುತ್ತಿತ್ತು.

ಸರಿ, ತಪಾಸಣೆ ಆರಂಭವಾಯಿತು. ಮೊದಲು ವೈಫೈ ಬಿಟ್ಟು, ಹಾಲಿನ ರೂಟರಿನಿಂದ ಅವಳ ಕೋಣೆಗೆ ಉದ್ದದ ತಂತಿ ಎಳೆದೆವು. ಸುಮತಿ ಎರಡು ಸಲ ಎಡವಿದಳು, ಫ್ರೇಮುಗಳು ಉದುರುತ್ತಲೇ ಇದ್ದವು. ಚಿತ್ರದ ಗಾತ್ರ ಇಳಿಸಿದೆವು. ಮಾನಸಿ ಮಂಜಿನಲ್ಲಿ ಹೋರಾಡುವಂತೆ ಕಂಡಳು, ಆದರೂ ಉದುರಿದವು. ಪ್ರಸಾರವನ್ನು ಬೇರೆ ಊರಿನ ಸರ್ವರ್ ಯಂತ್ರಕ್ಕೆ ಕಳಿಸಿ ನೋಡಿದೆವು. ಪಕ್ಕದ ಮನೆಯವರ ಮಿಕ್ಸರಿನ ಮೇಲೆ ಕೂಡ ಅನುಮಾನಪಟ್ಟು, ನಾನು ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಅದು ಯಾವ ಹೊತ್ತಿಗೆ ತಿರುಗುತ್ತದೆಂದು ವಿಚಾರಿಸಿ ಬಂದೆ. ಎಲ್ಲವನ್ನೂ ಡೈರಿಯಲ್ಲಿ ಬರೆದೆ. ಒಂದು ಸಂಗತಿ ಮಾತ್ರ ಸ್ಪಷ್ಟವಾಗಿತ್ತು: ಶುರುವಿನ ಇಪ್ಪತ್ತು ನಿಮಿಷ ಎಲ್ಲ ಸರಿ, ಆಮೇಲೆ ಕೆಂಪು.

ಕಡೆಗೆ ಇಂಟರ್ನೆಟ್ ಲೈನಿನ ಸಾವಂತರನ್ನು ಕರೆಸಿದೆವು. ಐವತ್ತು ದಾಟಿದ ಗಂಭೀರ ಮನುಷ್ಯ. ಬಂದವರು ರೂಟರಿನ ಮೇಲಿನ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, ಒಂದು ಗಂಟೆ ಅಳೆದು, ಸುಮತಿ ಕೊಟ್ಟ ಅವಲಕ್ಕಿ ತಿಂದು, "ಕಾಕಾ, ಲೈನ್ ಏಕದಮ್ ಕ್ಲೀನ್ ಹೈ. ಲಫಡಾ ಆಪ್‌ಕೇ ಘರ್ ಮೇ ಹೈ," ಎಂದು, ತೊಂದರೆ ನಮ್ಮ ಮನೆಯೊಳಗೇ ಇದೆ ಎಂಬ ತೀರ್ಪು ಕೊಟ್ಟು ಹೋದರು. ಅವರಿದ್ದಷ್ಟು ಹೊತ್ತು ಒಂದು ಫ್ರೇಮೂ ಬೀಳಲಿಲ್ಲ. ಅವರು ಲಿಫ್ಟ್ ಇಳಿದ ಮೇಲೆ ನಾನು ಬಟ್ಟೆಯನ್ನು ಮೊದಲಿನಂತೆ ಹೊದಿಸಿದೆ. ಅರ್ಧ ಗಂಟೆಯೊಳಗೆ ಮತ್ತೆ ಕೆಂಪು. ಮೂರು ತಿಂಗಳಲ್ಲಿ ಅವರು ಮೂರು ಸಲ ಬಂದರು, ಮೂರು ಸಲವೂ ಇದೇ ಕಥೆ. ನನಗೆ ಅವರ ಮೇಲೆಯೇ ಗುಮಾನಿ ಬಂತು, ಡೈರಿಯಲ್ಲಿ ಅದನ್ನೂ ಬರೆದೆ.

ಮಗಳ ಪರದೆ ನಿಂತು ನಿಂತು ಓಡುವುದನ್ನು ನೋಡುವಾಗ ನನಗೆ ಬೈಕುಲ್ಲಾದ ನಮ್ಮ ಚಾಳು ನೆನಪಾಗುತ್ತಿತ್ತು. ಧಾರವಾಡದಿಂದ ಬಂದ ಅಪ್ಪ ಮಾರ್ಕೆಟ್ಟಿನ ಒಂದು ವ್ಯಾಪಾರದ ಪೇಢಿಯಲ್ಲಿ ಗುಮಾಸ್ತ. ಎರಡನೆಯ ಮಾಳಿಗೆಯ ನಮ್ಮ ಒಂದೇ ಕೋಣೆಗೆ ಕಪ್ಪುಬಿಳುಪು ಟೀವಿ ಬಂದಾಗ ಇಡೀ ಮಾಳಿಗೆಗೆ ಅದೊಂದೇ. ಭಾನುವಾರ ಸಂಜೆ ಮೂವತ್ತು ಜನ ಒಳಗೆ, ಉಳಿದವರು ಹೊರಗಿನ ಗ್ಯಾಲರಿಯಲ್ಲಿ. ಚಿತ್ರ ಕದಡಿತೆಂದರೆ ನಾನು ಎಲ್ಲಕ್ಕೂ ಮೇಲಿನ ಗಚ್ಚಿಗೆ ಓಡಿ ಆಂಟೆನಾ ಹಿಡಿದು ತಿರುಗಿಸಬೇಕು. ಕೋಣೆಯಿಂದ ಅಪ್ಪ ಕೂಗಿದ್ದು ಗಚ್ಚಿಗೆ ಕೇಳುತ್ತಿರಲಿಲ್ಲ. ಅದಕ್ಕೆ ನಡುವೆ ಮೂರನೆಯ ಮಾಳಿಗೆಯ ಮೆಟ್ಟಿಲಲ್ಲಿ ಶೀನಣ್ಣ ನಿಲ್ಲುತ್ತಿದ್ದ. ಉಡುಪಿ ಕಡೆಯವನು, ಕೆಳಗಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನು, ಭಾನುವಾರ ಸಂಜೆ ಅವನಿಗೆ ಬಿಡುವು.

"ಒಂಚೂರು ಎಡಕ್ಕ!" ಎಂದು ಅಪ್ಪ. "ಸ್ವಲ್ಪ ಎಡಕ್ಕಂತೆ ಮಾರಾಯಾ, ಎಡಕ್ಕೆ!" ಎಂದು ಶೀನಣ್ಣ. ನಾನು ತಿರುಗಿಸುತ್ತಿದ್ದೆ. "ಬಂತು, ಬಂತು, ಬಿಡು!" ಎಂದು ಅಪ್ಪ ಕೂಗಿದ್ದು ಶೀನಣ್ಣನ ಬಾಯಿಂದ ನನಗೆ ಮುಟ್ಟುವಷ್ಟರಲ್ಲಿ ಆಂಟೆನಾ ಮುಂದೆ ಹೋಗಿರುತ್ತಿತ್ತು. ಮತ್ತೆ ಬಲಕ್ಕೆ. ಮತ್ತೆ ಅದೇ. ನಾನು ಆ ಕಾಲದ ಒಂದು ಕಾರ್ಯಕ್ರಮವನ್ನೂ ಪೂರ್ತಿ ನೋಡಿದವನಲ್ಲ. ನನ್ನ ಪಾಲಿಗೆ ಟೀವಿ ಎಂದರೆ ಬೈಕುಲ್ಲಾದ ಆಕಾಶ, ದೂರದ ಮಿಲ್ಲಿನ ಚಿಮಣಿ ಮತ್ತು ಶೀನಣ್ಣನ ದನಿ. ಆದರೆ ಕೆಳಗೆ ಇಳಿದು ಬಂದಾಗ ನನಗಾಗಿ ಜಾಗ ಮಾಡಿಕೊಡುತ್ತಿದ್ದರು. ಚಿತ್ರ ಹೋದ ಹೊತ್ತಿನಲ್ಲಿ ಕಥೆಯಲ್ಲಿ ಏನು ನಡೆದಿರಬೇಕೆಂದು ಜನ ಜಗಳವಾಡುತ್ತಿದ್ದರು. ಒಬ್ಬಳು ನಾಯಕಿ ಮದುವೆಗೆ ಒಪ್ಪಿದಳು ಎನ್ನುವಳು, ಇನ್ನೊಬ್ಬಳು ಬಾವಿಗೆ ಹಾರಿದಳು ಎನ್ನುವಳು. ಈಗಿನ ನೋಡುಗರು ಎರಡು ಸೆಕೆಂಡು ಚಿತ್ರ ನಿಂತರೆ ಬೇರೆ ಕಡೆ ಹೋಗಿಬಿಡುತ್ತಾರೆ. ಮುನ್ನೂರು ಇದ್ದದ್ದು ನೂರಾಗುವುದನ್ನು ಮಗಳು ಪರದೆಯ ಮೇಲೆಯೇ ನೋಡುತ್ತ ಕೂರಬೇಕು. ನನಗೆ ಆ ಚಾಳು, ಆ ಗದ್ದಲ, ಆ ತಾಳ್ಮೆ ಬೇಕೆನಿಸುತ್ತದೆ. ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ಪಾಂಡಿತ್ಯ ತೋರಿಸಲು ಅವಕಾಶ ಕೊಡಿ. ನಮ್ಮ ಹಿರಿಯರು ದೇವತೆಗಳನ್ನು ಅನಿಮಿಷರು ಎಂದರು, ಎವೆಯಿಕ್ಕದವರು ಎಂದು. ಮೀನಿಗೂ ಅದೇ ಹೆಸರು. ಅಂದರೆ ಸೃಷ್ಟಿಯಲ್ಲಿ ಫ್ರೇಮು ಉದುರದೆ ನೋಡುವುದು ದೇವರಿಗೆ ಮತ್ತು ಮೀನಿಗೆ ಮಾತ್ರ ಸಾಧ್ಯ. ಸ್ವಯಂವರದ ಒಂದು ಹಳೆಯ ಕಥೆಯಲ್ಲಿ ದೇವತೆಗಳು ರಾಜಕುಮಾರಿಯ ಇನಿಯನದೇ ವೇಷ ಹಾಕಿ ಸಾಲಾಗಿ ನಿಲ್ಲುತ್ತಾರಂತೆ. ಎವೆ ಮಿಟುಕಿಸಿದವನೇ ಮನುಷ್ಯ ಎಂದು ಗುರುತು ಹಿಡಿದು ಅವಳು ಅವನಿಗೆ ಮಾಲೆ ಹಾಕುತ್ತಾಳೆ. ಇದನ್ನು ನಾನು ಮಾನಸಿಗೆ ಸಮಾಧಾನಕ್ಕೆಂದು ಹೇಳಿದೆ. "ಅಪ್ಪಾ, ವೋ ಟೀಮ್‌ವಾಲೇ ನನಗೆ ಮಾಲೆ ಹಾಕೋದಿಲ್ಲ," ಎಂದಳು.

ಈಗ ಆ ಬಟ್ಟೆಯ ವಿಷಯ. ನಮ್ಮ ಕಡೆ ಮನೆಗೆ ಬಂದ ಯಂತ್ರವನ್ನು ಬರಿಮೈಯಲ್ಲಿ ಇಡುವುದಿಲ್ಲ. ರೇಡಿಯೋ, ಹೊಲಿಗೆಯಂತ್ರ, ಫ್ರಿಜ್ಜು, ಎಲ್ಲಕ್ಕೂ ಹೊದಿಕೆ. "ಬತ್ತಲೆ ಇಡಬ್ಯಾಡ್ರಿ, ದೃಷ್ಟಿ ಆಗ್ತದ," ಎನ್ನುತ್ತಿದ್ದಳು ಅವ್ವ. ಚಾಳಿನ ಟೀವಿಗೆ ಅವಳು ಗೋಪುರ, ಆನೆ, ತುಳಸಿಕಟ್ಟೆಗಳ ಕಸೂತಿ ಹಾಕಿ ಕಡುನೀಲಿ ಬಟ್ಟೆ ಹೊಲಿದಿದ್ದಳು. ಕಾರ್ಯಕ್ರಮ ಮುಗಿದ ಕೂಡಲೇ, ಡಬ್ಬ ಇನ್ನೂ ಬಿಸಿಯಿರುವಾಗಲೇ, ಹೊದಿಕೆ ಇಳಿಯುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಆ ಬಟ್ಟೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ, ಈಚೆಗೆ ಹೊಸ ರೂಟರು ಬಂದಾಗ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹೊದಿಸಿದ್ದೆ. ಹೋಗುತ್ತ ಬರುತ್ತ ಕಣ್ಣಿಗೆ ಬೀಳುತ್ತಿತ್ತು. ಅವ್ವ ಹಾಲಿನಲ್ಲೇ ಕೂತಿದ್ದಾಳೆ ಎನಿಸುತ್ತಿತ್ತು.

ಭಾನುವಾರಕ್ಕೆ ಎರಡು ದಿನ ಇರುವಾಗ ಸುಮತಿ ಆ ಬಟ್ಟೆಯನ್ನು ಒಗೆದು ಬಾಲ್ಕನಿಯಲ್ಲಿ ಹಾಕಿದಳು. ಶುಕ್ರವಾರ ಸಂಜೆ ಎರಡು ಗಂಟೆ ಪ್ರಸಾರ, ಹಸಿರೋ ಹಸಿರು. ಮಾನಸಿ ಕುಣಿದಳು. ನಾನು ಹಿಂದಿನ ದಿನ ರೂಟರಿನ ತಂತಿ ಬಿಗಿಮಾಡಿದ್ದರ ಫಲ ಎಂದು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದೆ. ಶನಿವಾರ ಒಣಗಿದ ಬಟ್ಟೆಯನ್ನು ಮಡಿಸಿ ಹೊದಿಸಿದೆ. ಪ್ರಸಾರ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಒಳಗಿನಿಂದ ಮಾನಸಿ ಕಿರುಚಿದ್ದು ಕೇಳಿತು. ಆಗ ನಾನು ಬಟ್ಟೆಯ ಕೆಳಗೆ ಕೈ ಇಟ್ಟೆ. ರೂಟರು ಜ್ವರ ಬಂದ ಕೂಸಿನ ಹಣೆಯಂತೆ ಸುಡುತ್ತಿತ್ತು. ಹೊದಿಕೆಯೊಳಗೆ ಕಾದು ಕಾದು ಅದೇ ಚಿತ್ರಗಳನ್ನು ಕೈಬಿಡುತ್ತಿತ್ತು.

ಮೂವತ್ತು ವರ್ಷ ಬೇರೆಯವರ ತಪ್ಪು ಬರೆದ ಕೈ ಅದು. ಒಂದು ಗಳಿಗೆ, ಬಟ್ಟೆಯನ್ನು ಸದ್ದಿಲ್ಲದೆ ತೆಗೆದು "ಲೈನ್ ಸರಿಮಾಡಿದೆ" ಎಂದು ಹೆಸರು ತೆಗೆದುಕೊಳ್ಳೋಣ ಎನಿಸಿದ್ದೂ ನಿಜ. ಆದರೆ ಹೊರಗೆ ಬಂದ ಮಗಳ ಕಣ್ಣಲ್ಲಿ ನೀರಿತ್ತು. ಹೇಳಿಬಿಟ್ಟೆ.

"ರೂಟರ್‌ಗೆ ಸ್ವೆಟರ್ ಹಾಕಿದ್ರಾ ನೀವು?" ಎಂದಳು. ಆಮೇಲೆ, "ತೀನ್ ಮಹೀನೇ, ಅಪ್ಪಾ! ನನ್ನ ಪಿಸಿ ಬೇಕಾರ್, ನಾನು ಬೇಕಾರ್ ಅಂದುಕೊಂಡಿದ್ದೆ!" ಎಂದಳು. ಬಾಗಿಲು ಬಡಿದುಕೊಂಡಿತು. ಬಟ್ಟೆಯನ್ನು ಟ್ರಂಕಿಗೆ ಹಾಕಿ, ಅವ್ವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಭಾನುವಾರ ನಾಲ್ಕು ಗಂಟೆ. ರೂಟರು ಬರಿಮೈಯಲ್ಲಿ ಫ್ಯಾನಿನ ಗಾಳಿಗೆ ಕೂತಿತ್ತು. ನಾನು ಹಾಲಿನಲ್ಲಿ ಮೊಬೈಲು ಹಿಡಿದು ಮಗಳ ಪ್ರಸಾರವನ್ನು ಮೊದಲ ಸಲ ಆದಿಯಿಂದ ಅಂತ್ಯದವರೆಗೆ ನೋಡಿದೆ. ಚಿತ್ರ ಹಾಲಿನಂತೆ ಹರಿಯಿತು. ಅವಳು ಚೆನ್ನಾಗಿಯೇ ಆಡಿದಳು. ಎದುರಾಳಿ ಇನ್ನೂ ಚೆನ್ನಾಗಿ ಆಡಿದ. ಏಳು ಗಂಟೆಗೆ ತಂಡದಿಂದ ಸಂದೇಶ ಬಂತು: ಪ್ರಸಾರ ಸೊಗಸಾಗಿತ್ತು, ಬೇರೆಯವರನ್ನು ಆರಿಸಿದ್ದೇವೆ.

"ನೆಟ್ ಎಲ್ಲೋ ಸ್ವಲ್ಪ ಹೋಗಿರಬೇಕು. ನಡುವ ಒಮ್ಮೆ ನಿಂತಂಗ ಕಂಡಿತ್ತು," ಎಂದೆ. ಎಲ್ಲೂ ನಿಂತಿರಲಿಲ್ಲ. ಜೀವನವಿಡೀ ದೋಷ ಹುಡುಕಿದ ನಾನು ಅಂದು ಒಂದು ದೋಷ ಸಿಗಲೆಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ.

ಮಾನಸಿ ಪರದೆಯ ಮೂಲೆ ತೋರಿಸಿದಳು. ಸೊನ್ನೆ. "ಇಲ್ಲ ಅಪ್ಪಾ. ಅವರು ಪೂರಾ ನೋಡಿದ್ರು. ನೋಡಿ, ಬೇಡ ಅಂದ್ರು," ಎಂದಳು. ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿಕೊಂಡು, "ಮೊದಲು ಜನ ನೋಡದೇ ಹೋಗ್ತಿದ್ರು. ಅದು ಜಾಸ್ತಿ ದುಃಖ ಆಗ್ತಿತ್ತು," ಎಂದು ಸೇರಿಸಿ, ನನ್ನ ಭುಜಕ್ಕೆ ತಲೆ ಆನಿಸಿ ಸ್ವಲ್ಪ ಅತ್ತಳು. ನಾನೂ ಅತ್ತೆ. ಸುಮತಿ ಮೂವರಿಗೂ ಚಹಾ ತಂದಳು.

ಸೋಮವಾರ ಅವಳು ವಿಕ್ರೋಳಿಗೆ ಉತ್ತರ ಬರೆದಳು. ಪ್ರಸಾರ ಈಗ ಶನಿವಾರ ಮಧ್ಯಾಹ್ನ ಮಾತ್ರ. ಬಾಗಿಲು ತೆರೆದೇ ಇರುತ್ತದೆ, ನಾನು ಒಳಗೆ ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಆಟ ನನಗೆ ಇನ್ನೂ ಅರ್ಥವಾಗುವುದಿಲ್ಲ. ಅವಳು ಸೋಲುವುದು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ನಾನು ನೋಡುತ್ತಿರುವುದಕ್ಕೆ ಅವಳದೇನೂ ತಕರಾರಿಲ್ಲ.