ಸೇವಂತಿಗೆಗೆ ಕೊಡೆ ಹಿಡಿದ ಲೋಲಾಕ್ಷಿ

ಮುಂಬೈ ಹೊರವಲಯದ ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಬೆಳಗಿನ ಮೊದಲ ಲೋಕಲ್‌ಗಳ ಗದ್ದಲ ಶುರುವಾಗಿದೆ. ಅಲ್ಲೇ ಪಕ್ಕದ ಹಳೆಯ ನಾಲ್ಕು ಮಾಳಿಗೆ ಕಟ್ಟಡದ ಟೆರೇಸಿನಲ್ಲಿ ಲೋಲಾಕ್ಷಿ ಕೊಡೆಗಳನ್ನು ಮಡಚುತ್ತಿದ್ದಾರೆ. ನವೆಂಬರ್ ತಿಂಗಳು, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಆದರೂ ಕಡ್ಡಿ ಮುರಿದ, ಹಿಡಿ ಕಳಚಿದ, ತೂತಿಗೆ ಕಪ್ಪು ಟೇಪು ಅಂಟಿಸಿದ ಕೊಡೆಗಳು ಟೆರೇಸಿನ ತುಂಬ ಬಿಚ್ಚಿಕೊಂಡು ಕೂತಿವೆ. ಒಂದೊಂದನ್ನು ಎತ್ತಿದಾಗಲೂ ಕೆಳಗೊಂದು ಸೇವಂತಿಗೆ ಗಿಡ. ಲೋಲಾಕ್ಷಿ ಅದರ ತುದಿಯನ್ನು ಬೆರಳಿನಿಂದ ಸವರುತ್ತಾರೆ, ಬಗ್ಗಿ ನೋಡುತ್ತಾರೆ, ಮುಂದಿನ ಕುಂಡಕ್ಕೆ ಹೋಗುತ್ತಾರೆ.

“ಮೊಗ್ಗು ಬಂತಾ ಅಂತ ನೋಡುದು. ಕಣ್ಣಿಗೆ ಕಾಣುವ ಮೊದ್ಲು ಬೆರಳಿಗೆ ಗೊತ್ತಾಗ್ತದೆ. ಇದಕ್ಕೆ ಬಂದಿದೆ, ಮುಟ್ಟಿ ನೋಡಿ” ಎನ್ನುತ್ತಾರೆ. ನಾನು ಮುಟ್ಟಿ ನೋಡಿದೆ. ಸಾಸಿವೆ ಕಾಳಿನಷ್ಟು ಏನೋ ಸಿಕ್ಕಿತು. ಅಷ್ಟಕ್ಕೇ ಅವರ ಮುಖದಲ್ಲಿ ಹಬ್ಬ.

ಐವತ್ತು ದಾಟಿದ ಲೋಲಾಕ್ಷಿ ಪುತ್ತೂರು ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಚನಿಯ ಕಲ್ಯಾಣದ ಹೋಟೆಲೊಂದರಲ್ಲಿ ಚಹಾ ಮಾಸ್ಟರ್. ಈ ಊರಿನ ಬಾಲ್ಕನಿಗಳಲ್ಲಿ ಲೋಲಾಕ್ಷಿಯ ಹೆಸರು ಯಾರಿಗೂ ಗೊತ್ತಿಲ್ಲ, ‘ಫೂಲ್‌ವಾಲಿ ಮಾವ್‌ಶಿ’, ಹೂವಿನ ಚಿಕ್ಕಮ್ಮ, ಎಂದರೆ ಮಾತ್ರ ಗೊತ್ತು. ಡೊಂಬಿವಲಿ, ಠಾಣೆ, ಘಣಸೋಲಿಯ ಮನೆಗಳಿಗೆ ಹೋಗಿ ಸೇವಂತಿಗೆ, ಜರ್ಬೇರಾ, ಆಸ್ಟರ್ ನೆಟ್ಟುಕೊಡುವುದು, ಮಣ್ಣು ಬದಲಿಸುವುದು, ಕುಡಿ ಚಿವುಟುವುದು ಅವರ ಕೆಲಸ. ಮಳೆಗಾಲ ಮುಗಿದ ಮೇಲಂತೂ ಬಿಡುವಿಲ್ಲ. “ಜರ್ಬೇರಾದ ಕುತ್ತಿಗೆವರೆಗೆ ಮಣ್ಣು ತುಂಬಿಸಿ ನೀರು ಹೊಯ್ತಾರೆ. ಪ್ರೀತಿ ಜಾಸ್ತಿಯಾಗಿ ಕೊಳೆಸುದು. ನಾನೂ ಮೊದಲು ಹಾಗೆಯೇ ಎಷ್ಟೋ ಕೊಂದಿದ್ದೇನೆ” ಎಂದು ನಗುತ್ತಾರೆ.

ಹಾಗೆ ಮನೆಮನೆಗೆ ಹೋಗುವ ಸೇವಂತಿಗೆ ಸಸಿಗಳೆಲ್ಲ ಹುಟ್ಟುವುದು ಈ ಟೆರೇಸಿನಲ್ಲೇ. ಹೂವಿನ ಕಾಲ ಮುಗಿದ ಮೇಲೆ ತಾಯಿ ಗಿಡದ ಬುಡದಲ್ಲಿ ಮರಿಗಳು ಏಳುತ್ತವೆ. ಅವನ್ನು ಬಿಡಿಸಿ ನೆಟ್ಟರೆ ಮುಂದಿನ ವರ್ಷದ ದುಡಿಮೆ. ಟೆರೇಸ್ ಹೋದರೆ ತಾಯಿ ಗಿಡ ಹೋಯಿತು, ಕೆಲಸವೂ ಹೋಯಿತು. ಇಲ್ಲಿನ ಮಣ್ಣಷ್ಟನ್ನೂ ಅಕ್ಕಿಯ ಚೀಲದಲ್ಲಿ ತುಂಬಿ, ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ತಂದು, ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲು ಹತ್ತಿಸಿದವರು ಅವರೇ. ಚನಿಯ ಹೋಟೆಲಿನಿಂದ ತರುವ ಚಹಾ ಚರಟವನ್ನು ಸಕ್ಕರೆ ಹೋಗುವ ತನಕ ತೊಳೆದು ಬೆರೆಸುತ್ತಾರೆ, ಇಲ್ಲದಿದ್ದರೆ ಇರುವೆಗಳ ಕಾಟ. “ಊರಲ್ಲಿ ನಮಗೆ ಅಂತ ಒಂದು ಬೊಗಸೆ ಮಣ್ಣಿರ್ಲಿಲ್ಲ. ಇದೇ ನನ್ನ ಜಾಗ” ಎನ್ನುವಾಗ ಅವರ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

ಜಾಗಕ್ಕೆ ಬಾಡಿಗೆಯಿಲ್ಲ, ಒಂದು ಬಾಯಿಮಾತಿನ ಒಪ್ಪಂದವಿದೆ. ಮಾರ್ಗಶಿರದ ಗುರುವಾರಗಳಲ್ಲಿ ಇಲ್ಲಿನ ಮರಾಠಿ ಮನೆಗಳಲ್ಲಿ ಕಲಶವಿಟ್ಟು ಲಕ್ಷ್ಮಿಯನ್ನು ಪೂಜಿಸುತ್ತಾರೆ. ಆ ದಿನ ಕಟ್ಟಡದ ಪ್ರತಿ ಮನೆಗೂ ಲೋಲಾಕ್ಷಿಯ ಸೇವಂತಿಗೆ ಮುಟ್ಟಬೇಕು. ಹಲವು ವರ್ಷಗಳಿಂದ ತಪ್ಪದೆ ಮುಟ್ಟಿದೆ. ಈ ವರ್ಷ ಮಾತ್ರ ಗಿಡಗಳು ಸೊಂಪಾಗಿ ಬೆಳೆದವು, ದಸರಾ ದಾಟಿದರೂ ಮೊಗ್ಗು ಕಚ್ಚಲೇ ಇಲ್ಲ. ಮೇಲಿನ ಮಾಳಿಗೆಯಲ್ಲಿ ಸೂರು ಸೋರತೊಡಗಿದ್ದೂ ಇದೇ ಹೊತ್ತಿಗೆ, ಕುಂಡಗಳ ನೀರೇ ಇಳಿಯುತ್ತಿದೆ ಎಂಬ ದೂರು ಬೇರೆ. ಸೊಸೈಟಿಯ ಸೆಕ್ರೆಟರಿ ಹೃಷೀಕೇಶ ಮೀಟಿಂಗಿನಲ್ಲಿ ಹೇಳಿಯೇಬಿಟ್ಟರು: ಮಾರ್ಗಶಿರದ ಗುರುವಾರಗಳು ಮುಗಿಯುವುದರೊಳಗೆ ಹೂ ಬಾರದಿದ್ದರೆ ಬರೀ ಸೊಪ್ಪಿನ ಕುಂಡಗಳು ಟೆರೇಸಿಗೆ ಬೇಡ.

ಇಲ್ಲಿ ಸ್ವಲ್ಪ ನಗು ಬರುವ ವಿಷಯವಿದೆ. ಹೂ ಬಾರದಂತೆ ಮಾಡಿದವರು ಸ್ವತಃ ಲೋಲಾಕ್ಷಿ.

ಕಳೆದ ವರ್ಷ ಬೆಳಕು ಹರಿಯುವ ಮೊದಲೇ ಯಾರೋ ಪೂಜೆಗೆಂದು ಹೂ ಕದ್ದು ಒಯ್ಯುತ್ತಿದ್ದರು. ದೇವರಿಗೆ ಕದ್ದ ಹೂವೇ ಆಗಬೇಕು ಎಂಬ ಭಕ್ತರು ಯಾವ ಊರಿನಲ್ಲಿ ಇಲ್ಲ? ಲೋಲಾಕ್ಷಿ ಸೆಕ್ರೆಟರಿಯ ಬೆನ್ನುಬಿದ್ದು ಟೆರೇಸಿಗೊಂದು ದೊಡ್ಡ ಎಲ್‌ಇಡಿ ದೀಪ ಹಾಕಿಸಿದರು. ಈ ವರ್ಷದ ಗಣಪತಿ ಹಬ್ಬಕ್ಕೆ ದೀಪ ಬಂತು. ಸಂಜೆ ಹತ್ತಿದರೆ ಬೆಳಗಿನವರೆಗೆ ಟೆರೇಸು ಹಗಲಿನಂತೆ. ಕಳ್ಳರು ಬರಲಿಲ್ಲ, ಹೂವೂ ಬರಲಿಲ್ಲ.

“ಗೊಬ್ಬರ ಹಾಕಿದೆ, ಬೇವಿನ ಹಿಂಡಿ ಹಾಕಿದೆ, ದೇವರಿಗೆ ಹರಕೆ ಹೇಳಿದೆ. ದಿನಾ ಟೆನ್ಶನ್. ಅನ್ನ ಸೇರ್ತಾ ಇರ್ಲಿಲ್ಲ” ಎನ್ನುತ್ತಾರೆ. ಹಾಗಿರುವಾಗ ನೀರಿನ ಟ್ಯಾಂಕಿನ ಹಿಂದೆ ಜಾಗವಿಲ್ಲದೆ ತುರುಕಿಟ್ಟಿದ್ದ ಒಂದು ಕುಂಡದಲ್ಲಿ ಮಾತ್ರ ಮೊಗ್ಗು ಕಂಡಿತು. ಬಡಕಲು ಗಿಡ. ಅದಕ್ಕೆ ಗೊಬ್ಬರ ಹಾಕುವುದೂ ಮರೆತುಹೋಗಿತ್ತಂತೆ. ಅದನ್ನು ನೋಡಿ ಚನಿಯರು ಹೇಳಿದ್ದು ಇಷ್ಟೆ: “ಇದೊಂದಕ್ಕೆ ಮಾತ್ರ ನಿದ್ರೆ ಸಿಕ್ಕಿದೆ. ಲೈಟ್ ಇದ್ರೆ ನನಗೇ ನಿದ್ರೆ ಬರ್ಪುಜಿ, ಅದಕ್ಕೆ ಬರ್ತದಾ?”

ಗಂಡನ ಮಾತನ್ನು ಅಷ್ಟು ಸುಲಭಕ್ಕೆ ನಂಬುವವರಲ್ಲ ಲೋಲಾಕ್ಷಿ. ಕಲ್ಯಾಣದಲ್ಲಿ ನರ್ಸರಿ ನಡೆಸುವ ವಿಜಯಪುರ ಕಡೆಯ ಜಟ್ಟೆಪ್ಪನವರ ಬಳಿ ಓಡಿದರು. ಅವರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಾನು ವಿಚಾರಿಸಿದಾಗಲೂ ನಗು ನಿಂತಿರಲಿಲ್ಲ. “ಸೇವಂತಿಗಿಗೆ ಕತ್ತಲಿ ಬೇಕ್ರಿ. ಹೂವು ತಡಾ ಆಗಿ ಬರ್ಲಿ ಅಂತ ನಮ್ಮ ಕಡೆ ಹೊಲದಾಗ ರಾತ್ರಿ ಲೈಟ್ ಹಾಕ್ತಾರ. ಈ ಅಕ್ಕಾರು ಹೂವಿನ ಕಾವಲಿಗಂತ ಲೈಟ್ ಹಾಕಿಸ್ಯಾರ ನೋಡ್ರಿ!”

ದೀಪ ಆರಿಸಿದರೆ ಮುಗಿಯಿತಲ್ಲ ಎಂದುಕೊಳ್ಳಬೇಡಿ. ಹೌಸಿಂಗ್ ಸೊಸೈಟಿಯೆಂದರೆ ಸಾಮಾನ್ಯವೇ? “ಠರಾವ್ ಪಾಸ್ ಹುವಾ ಹೈ ಮಾವ್‌ಶಿ” ಎಂದರು ಹೃಷೀಕೇಶ. ಠರಾವು ಮಾಡಿ ಹತ್ತಿಸಿದ ದೀಪವನ್ನು ಇನ್ನೊಂದು ಠರಾವು ಮಾಡಿಯೇ ಆರಿಸಬೇಕಂತೆ. ಅದಕ್ಕೆ ಮುಂದಿನ ಮೀಟಿಂಗ್ ಆಗಬೇಕು, ಅಷ್ಟರಲ್ಲಿ ಗಿಡಗಳ ಕಾಲವೇ ಮುಗಿದಿರುತ್ತದೆ. ಲೋಲಾಕ್ಷಿ ವಾದಕ್ಕೆ ನಿಲ್ಲಲಿಲ್ಲ. ಮಳೆಗಾಲ ಮುಗಿದ ಮೇಲೆ ಮುಂಬೈ ಕಡೆಯ ಯಾವ ಮನೆಯಲ್ಲಿ ಮುರಿದ ಕೊಡೆಗಳಿಗೆ ಬರ? ತಾವು ಕೆಲಸ ಮಾಡುವ ಮನೆಗಳಿಂದೆಲ್ಲ ಬೇಡಿ ತಂದರು. ಮುಂಬ್ರಾದ ಕೊಡೆ ರಿಪೇರಿಯವನೊಬ್ಬ ಒಂದು ಗೋಣಿ ತುಂಬ ಕೊಟ್ಟು ಕಳಿಸಿದ. ಸಂಜೆ ದೀಪ ಹತ್ತುವ ಮೊದಲು ಗಿಡಗಳಿಗೆ ಕೊಡೆ, ಬೆಳಿಗ್ಗೆ ಮಡಚುವುದು. ಕೆಳಗಿನವರು ಮೇಲೆ ನೋಡಿ ನಗುತ್ತಿದ್ದರು. “ನಗ್ಲಿ. ಮೊಗ್ಗು ಬಂದ್ರೆ ನಾನೂ ನಗ್ತೇನೆ.”

ಮಾರ್ಗಶಿರದ ಮೊದಲ ಗುರುವಾರ ಬಂತು, ಹೋಯಿತು. ಮೊಗ್ಗುಗಳಿನ್ನೂ ಹಸಿರು ಬಟಾಣಿ. ಲೋಲಾಕ್ಷಿ ಆ ದಿನ ಮೆಟ್ಟಿಲಲ್ಲಿ ಯಾರ ಮುಖವನ್ನೂ ನೋಡದೆ ಇಳಿದು ಹೋದರಂತೆ. ಎರಡನೆಯ ಗುರುವಾರದ ಹೊತ್ತಿಗೆ ಮೊಗ್ಗಿನ ಬಾಯಲ್ಲಿ ಹಳದಿಯ ಗೆರೆ ಕಂಡಿತು. ಸುದ್ದಿ ತಿಳಿದ ಸೆಕ್ರೆಟರಿ ತಾವೇ ಹತ್ತಿ ಬಂದು ನೋಡಿದರು, ನೇರ ಹೋಗಿ ದೀಪದ ಸ್ವಿಚ್ ಆರಿಸಿದರು. ದೀಪ ಕೆಟ್ಟಿದೆ ಎಂದು ಬರೆದುಕೊಂಡರಾಯಿತು, ಅದಕ್ಕೆ ಠರಾವು ಬೇಡವಂತೆ. ನೋಡಿ, ಮನಸ್ಸಿದ್ದರೆ ಕಾಯಿದೆಗೂ ಕಣ್ಣು ಮಿಟುಕಿಸಲು ಬರುತ್ತದೆ.

ನಾನು ಮತ್ತೆ ಹೋಗಿದ್ದು ಮೂರನೆಯ ಗುರುವಾರ ಬೆಳಿಗ್ಗೆ. ಕೊಡೆಗಳೆಲ್ಲ ಮೂಲೆ ಸೇರಿವೆ. ಟೆರೇಸಿನ ಉದ್ದಕ್ಕೂ ಹಳದಿ, ಬಿಳಿ, ನೇರಳೆ. ಹೆಂಗಸರು ತಟ್ಟೆ ಹಿಡಿದು ಸಾಲಾಗಿ ಹತ್ತಿ ಬರುತ್ತಿದ್ದಾರೆ. ಕೊನೆಗೆ ಹೃಷೀಕೇಶರೂ ಸ್ಟೀಲ್ ತಟ್ಟೆಯೊಂದಿಗೆ ಬಂದು ನಿಂತರು. ಹೂ ತುಂಬಿಸಿಕೊಂಡು ಹೊರಡುವಾಗ ತಿರುಗದೆಯೇ ಹೇಳಿದರು: “ಕುಂಡ್ಯಾ ರಾಹೂ ದ್ಯಾ, ಮಾವ್‌ಶಿ.” ಕುಂಡಗಳು ಇರಲಿ ಬಿಡಿ ಎಂದು.

ಲೋಲಾಕ್ಷಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. “ಅಬ್ಬ, ಈಗ ಉಸಿರು ಬಂತು. ಇವತ್ತು ಹೊಟ್ಟೆ ತುಂಬ ಉಣ್ತೇನೆ” ಎಂದರು. ಅವರ ನಿರಾಳ ನನಗೂ ತಗುಲಿತು, ಸುಮ್ಮನೆ ಯಾಕೆ ಮುಚ್ಚಿಡಲಿ.

ಹೊರಡುವಾಗ ಟೆರೇಸಿನ ಬಾಗಿಲ ಪಕ್ಕದ ಮೊಳೆಯಲ್ಲಿ ದಾರ ಕಟ್ಟಿ ನೇತುಹಾಕಿದ ಒಂದು ಕತ್ತರಿ ಕಂಡಿತು. ಇದೇಕೆಂದು ಕೇಳಿದೆ.

“ಲೈಟ್ ಬಂದ್ ಆಯ್ತಲ್ಲ, ನಿನ್ನೆ ಬೆಳಿಗ್ಗೆ ಕಳ್ಳರು ಬಂದಿದ್ರು. ಗಡಿಬಿಡಿಯಲ್ಲಿ ಎಳೆದಿದ್ದಾರೆ, ಒಂದು ಗಿಡ ಬೇರು ಸಮೇತ ಕಿತ್ತು ಬಂದಿದೆ. ಬೇರು ಹೋದ್ರೆ ಮರಿ ಎಲ್ಲಿಂದ? ಕತ್ತರಿಸಿ ಕೊಂಡೋಗ್ಲಿ.”

“ಬೇಜಾರಿಲ್ವಾ?”

“ಎಂತ ಬೇಜಾರು? ಇಷ್ಟು ದಿನ ಕಳ್ಳರಿಗೂ ಬೇಡದ ಗಿಡ ಸಾಕಿದ್ದೆ ಮಾರಾಯ್ರೆ. ಈಗ ನನ್ನ ಹೂ ಕದಿಯುವಷ್ಟು ಚಂದ ಉಂಟು.”