ಸೀಮೆಸುಣ್ಣದ ಮೇಸ್ತ್ರಿ

ಗಾಜು ಕೂರಿಸುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವನು ನಾನು. ಸಸ್ಯತೋಟದ ಶತಮಾನ ಹಳೆಯ ಗಾಜಿನ ಮನೆಯನ್ನು ದುರಸ್ತಿ ಮಾಡಲು ಕರೆದಾಗ ನನಗೆ ಎರಡು ಕೊಂಬು ಮೂಡಿದವು.

ಆ ಕಾಲದ ಗಾಜು ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಎಂಟುನೂರು ಗಾಜು ಬಿಚ್ಚುವಾಗ ಪ್ರತಿಯೊಂದರ ಮೇಲೂ ಅದರ ಚೌಕಟ್ಟಿನ ಸಂಖ್ಯೆ ಬರೆದೆ. ಸೀಮೆಸುಣ್ಣದಲ್ಲಿ.

"ಪೇಂಟಲ್ಲಿ ಬರೀರಿ, ಅಳಿಸಿ ಹೋಗುತ್ತೆ" ಎಂದಳು ತೋಟದ ಮಾಲಿಯಮ್ಮ.

"ಗಿಡ ನೀನು ನೋಡ್ಕೋ ತಾಯಿ, ಗಾಜು ನಾನು ನೋಡ್ಕೋತೀನಿ" ಎಂದೆ.

ಚೌಕಟ್ಟುಗಳ ತುಕ್ಕು ಕೆರೆದು ಮುಗಿಯಿತು. ಧೂಳು ಹಿಡಿದ ಗಾಜುಗಳನ್ನು ನೋಡಲಾಗದೆ, ಮೂರು ದಿನ ಕೂತು ಎಲ್ಲವನ್ನೂ ಸೋಪುನೀರಿನಲ್ಲಿ ಫಳಫಳ ತೊಳೆದೆ. ನನ್ನ ಕೈಯಾರೆ. ಕೊನೆಯ ಗಾಜನ್ನು ಒರೆಸುವಾಗ ಬಟ್ಟೆಗೆ ಹತ್ತಿದ ಬಿಳಿ ಪುಡಿ ಕಂಡಾಗಲೇ ಹೊಳೆದದ್ದು, ಎಂಟುನೂರು ಸಂಖ್ಯೆಗಳನ್ನೂ ನಾನೇ ತೊಳೆದುಬಿಟ್ಟಿದ್ದೆ.

ಮನೆಯಲ್ಲಿ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಗಾಜಿನ ಜೊತೆ ತಲೇನೂ ತೊಳ್ಕೊಂಡ್ರಾ?"

ಮಾರನೆಯ ದಿನ ಮಾಲಿಯಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಅವಳು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಒಂದು ಗಾಜನ್ನು ಬೆಳಕಿಗೆ ಹಿಡಿದು, "ಬಳ್ಳಿ ಬೇರು ಕಚ್ಚಿದ ಕಲೆ ನೋಡಿ, ಇದು ಪಶ್ಚಿಮದ ಗೋಡೇದು" ಎಂದಳು. ಇನ್ನೊಂದರಲ್ಲಿ ತಾಳೆಗರಿ ಉಜ್ಜಿದ ಗೀರು. ಅದು ಚಾವಣಿಯದು. ಹೀಗೆ ಅವಳು ವಿಂಗಡಿಸಿಕೊಟ್ಟಳು, ನಾನು ಒಂದೊಂದನ್ನೂ ಹೊಂದಿಸಿ ನೋಡಿದೆ. ಎರಡು ವಾರದ ಕೆಲಸ ಮೂರು ತಿಂಗಳು ಹಿಡಿಯಿತು.

ಉದ್ಘಾಟನೆಯ ದಿನ ದೊಡ್ಡ ಅಧಿಕಾರಿ ನನ್ನ ಕೈ ಕುಲುಕಿದರು. "ಒಂದು ಗಾಜೂ ಜಾಗ ತಪ್ಪಿಲ್ಲವಲ್ಲ! ಹೇಗ್ರೀ ಸಾಧ್ಯ ಆಯ್ತು?"

'ಅನುಭವ ಸಾರ್' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಶ್ಚಿಮದ ಗೋಡೆಯ ಗಾಜಿನ ಮೇಲಿನ ಬಳ್ಳಿ ಕಲೆ ಕಣ್ಣಿಗೆ ಬಿತ್ತು.

"ಇವರನ್ನ ಕೇಳಿ ಸಾರ್" ಎಂದು ಮಾಲಿಯಮ್ಮನನ್ನು ಮುಂದಕ್ಕೆ ಕರೆದೆ.